ಅಸ್ತರಿನ ನಾಲ್ಕನೆಯ ಸಾಲು

ಆ ಧಾರಾವಾಹಿ ಬರೆದವನು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಪ್ಯಾಂಟಿಗೆ ಜಿಪ್ಪು ಹಾಕಿಸಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಅವನು ಟೀವಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಯುದ್ಧದಿಂದ ತಪ್ಪಿಸಿಕೊಂಡು ಬಂದ ಈ ಮಕ್ಕಳ ಕತೆ ಹುಡುಕಿಕೊಂಡು ಎರಡು ವರ್ಷ ಬೀದಿ ಬೀದಿ ಅಲೆದೆ ಎಂದ. ಅಲೆದದ್ದು ಶುದ್ಧ ಸುಳ್ಳು. ಜಿಪ್ಪು ಕೆಟ್ಟಿತ್ತು, ನನ್ನ ಅಂಗಡಿ ಬಸ್ ನಿಲ್ದಾಣದ ಎದುರಿಗಿತ್ತು, ಅಷ್ಟೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನಿಗೆ ಜಿಪ್ಪಿನವನು ಎಂದೇ ಹೆಸರು.

ನಮ್ಮದು ಪಟ್ಟಣ ಮುಗಿದ ಮೇಲೆ ಶುರುವಾಗುವ ಬಡಾವಣೆ. ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಮನೆಗಳು. ಕುಡಿದು ಬಂದವನು ಪಕ್ಕದ ಮನೆಯ ಬೀಗಕ್ಕೆ ತನ್ನ ಕೀಲಿ ತಿರುವಿದರೆ ತಪ್ಪು ಪೂರ್ತಿ ಅವನದಲ್ಲ. ಮುಂದಿನ ಕೋಣೆ ನನ್ನ ಅಂಗಡಿ, ಹಿಂದೆ ಅಡುಗೆಮನೆ, ಮೇಲೊಂದು ಕೋಣೆ. ಹೊಸ ಬಟ್ಟೆ ಹೊಲಿಸುವವರ ಕಾಲ ಹೋಯಿತು. ಈಗ ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಗುಂಡಿ, ಕಾಜಾ, ಜಿಪ್ಪು. ಯುದ್ಧ ನಡೆಯುವ ದೇಶಗಳಿಂದ ಒಂಟಿಯಾಗಿ ಬಂದ ಹನ್ನೆರಡು ಮಕ್ಕಳನ್ನು ಸರ್ಕಾರ ಖಾಲಿ ಕೋಣೆ ಇದ್ದವರ ಮನೆಗಳಲ್ಲಿ ಇರಿಸಿದಾಗ ನನ್ನ ಪಾಲಿಗೆ ಬಂದವಳು ಒಬ್ಬ ಹುಡುಗಿ. ಕಡ್ಡಿಯಂಥ ಮೈ, ಮಾತು ಕಲಿತ ಮೇಲೆ ಚುಚ್ಚುವ ಮಾತು. ನಾನು ಸೂಜಿ ಎಂದು ಕರೆದೆ, ಅವಳು ಅಜ್ಜಿ ಎಂದಳು.

ಎದುರು ಸಾಲಿನ ನನ್ನ ನಾದಿನಿ ಮೊದಲ ವಾರ ದಿನಾ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ ಹೋಗುತ್ತಿದ್ದಳು. ಎರಡನೆಯ ವಾರ ತನ್ನ ಲಂಗದ ಲಾಡಿ ಪೋಣಿಸಲು ಅವಳ ಕೈಗೇ ಕೊಟ್ಟಳು. ಅಷ್ಟಾದರೆ ಒಪ್ಪಿದ ಹಾಗೆ.

ಹುಡುಗಿ ಬಂದಾಗ ಮೈಮೇಲಿದ್ದದ್ದು ಮೊಣಕಾಲು ಮುಟ್ಟುವ ಒಂದು ಕಪ್ಪು ಕೋಟು. ಚಳಿ ಕಳೆದರೂ ತೆಗೆಯಳು. ಒಂದು ದಿನ ತೋಳಿನ ಹೊಲಿಗೆ ಬಿಟ್ಟಿತೆಂದು ನನ್ನ ಮುಂದೆ ಇಟ್ಟಳು. ಹೊರಳಿಸಿದೆ. ಒಳಗಿನ ಅಸ್ತರು ಒಂದು ಕಾಲಕ್ಕೆ ಹಸಿರಾಗಿದ್ದಿರಬೇಕು. ಬೆವರು, ಉಪ್ಪುನೀರು, ತೊಳೆತ ಎಲ್ಲ ಸೇರಿ ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು. ಅದರ ಬೆನ್ನಿನ ಮೇಲೆ ಕೆಂಪು ದಾರದಲ್ಲಿ, ಒತ್ತೊತ್ತಾಗಿ, ನಾನು ಓದಲಾರದ ಲಿಪಿಯಲ್ಲಿ ನಾಲ್ಕು ಸಾಲು. ಕಾಗದವನ್ನು ದಾರಿಯಲ್ಲಿ ಕಿತ್ತುಕೊಳ್ಳುತ್ತಾರೆ, ಇಲ್ಲವೇ ನೀರು ತಿನ್ನುತ್ತದೆ, ಅದಕ್ಕೇ ಅಮ್ಮ ಹೊಲಿದು ಕಳಿಸಿದಳು ಎಂದಳು. ಮೊದಲ ಸಾಲು ಅವಳ ಹೆಸರು, ಎರಡನೆಯದು ಅಪ್ಪನದು, ಮೂರನೆಯದು ಊರು, ಬೀದಿ. ನಾಲ್ಕನೆಯದು ಹುಟ್ಟಿದ ದಿನ. ಅಮ್ಮ ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ಹೇಳುವವರಿಲ್ಲ.

ಆ ನಾಲ್ಕನೆಯ ಸಾಲಿನ ಮೇಲೆ ಅವಳ ಬದುಕು ನಿಂತಿತ್ತು. ಗಡಿ ದಾಟಿದ ದಿನ ಹದಿನೆಂಟು ತುಂಬಿರದಿದ್ದರೆ ಇಲ್ಲಿ ಉಳಿಯಬಹುದು. ತುಂಬಿದ್ದರೆ ವಾಪಸು. ಅವಳು ಹದಿನಾರು ಎಂದಿದ್ದಳು. ಹಲ್ಲು ನೋಡಿದ ವೈದ್ಯ ಹತ್ತೊಂಬತ್ತೂ ಇರಬಹುದು ಎಂದು ಬರೆದಿದ್ದ, ಹಸು ಕೊಳ್ಳುವವನು ಬಾಯಿ ಬಿಡಿಸಿ ನೋಡಿದ ಹಾಗೆ. ಗಡಿಯವರು ಮೊದಲ ದಿನದ ಪಟ್ಟಿಯಲ್ಲಿ ಕಪ್ಪು ಕೋಟು ಒಂದು ಎಂದು ಬರೆದುಕೊಂಡಿದ್ದರು. ಹೊರಳಿಸಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ವಯಸ್ಸಿನ ವಿಚಾರಣೆಯ ದಿನ ಅದನ್ನು ತೋರಿಸುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಜಿಪ್ಪಿನವನು ಬಂದದ್ದು ಈ ನಡುವೆ. ಕನ್ನಡಕವನ್ನು ಕಣ್ಣು ಬಿಟ್ಟು ತಲೆಗೆ ಹಾಕಿಕೊಳ್ಳುವವನು. ಹುಡುಗಿ ನೆಲದಲ್ಲಿ ಕೂತು ಅಂಚು ಹೊಲಿಯುತ್ತಿದ್ದದ್ದನ್ನು ನೋಡಿ, ಯಾವ ಕಡೆಯವಳು ಎಂದ. ಹೇಳಿದೆ. ಜಿಪ್ಪು ಆದ ಮೇಲೂ ಎದ್ದು ಹೋಗಲಿಲ್ಲ. ಇಂಥ ಬಡಾವಣೆ, ಇಂಥ ಮಕ್ಕಳು, ನಡುವೆ ಒಂದು ಕೊಲೆ, ಅದರ ಪತ್ತೆ. ಹಾಗೊಂದು ಧಾರಾವಾಹಿ ಬರೆಯುತ್ತಿದ್ದೇನೆ ಎಂದ. ಜನ ಇವರನ್ನು ಮನುಷ್ಯರ ಹಾಗೆ ನೋಡಬೇಕು, ಅದೇ ನನ್ನ ಉದ್ದೇಶ ಎಂದ. ಆ ಮಾತಿಗೆ ನಾನು ಮರುಳಾದೆ. ಹನ್ನೊಂದು ಮಧ್ಯಾಹ್ನ ಬಂದ, ನನ್ನ ಚಹಾ ಕುಡಿದ, ದಪ್ಪ ಪುಸ್ತಕದಲ್ಲಿ ಬರೆದುಕೊಂಡ. ಹುಡುಗಿ ಮೊದಲಿಗೆ ತುಟಿ ಬಿಚ್ಚಲಿಲ್ಲ. ಹೇಳಮ್ಮ, ಹೇಳಿದರೆ ಎದೆ ಹಗುರಾಗುತ್ತೆ ಎಂದು ಪುಸಲಾಯಿಸಿದವಳು ನಾನೇ. ಅವಳು ಎಲ್ಲ ಹೇಳಿದಳು. ಕೋಟನ್ನು ಹೊರಳಿಸಿ ತೋರಿಸಿಯೂ ತೋರಿಸಿದಳು.

ಅವನಿಗೆ ಕೋಟು ಬೇಕಾಯಿತು. ಅವಳು ಕೊಡಲಿಲ್ಲ. ಹಾಗಾದರೆ ಇದರ ಹಾಗೇ ಎರಡು ಹೊಲಿದುಕೊಡಿ, ಹೆಸರು ದಿನಾಂಕ ಬೇರೆ ಹಾಕಿ ಎಂದ. ಹೊಸ ಬಟ್ಟೆಯನ್ನು ಹಳತು ಮಾಡುವುದೂ ಒಂದು ಕಸುಬು ಎಂದು ಆಗ ಗೊತ್ತಾಯಿತು. ಅಸ್ತರಿನ ಬಟ್ಟೆಯನ್ನು ಮೊದಲೇ ಚಹಾ ನೀರಿನಲ್ಲಿ ಅದ್ದಿ ಒಣಗಿಸಿದೆ, ಯಾಕೆಂದರೆ ಅಕ್ಷರದ ಕೆಂಪು ಮಾತ್ರ ಮಾಸಬಾರದು, ಕ್ಯಾಮರಾಕ್ಕೆ ಕಾಣಬೇಕು. ಬಡಗಿಗಳು ಮರ ಉಜ್ಜುವ ಕಾಗದದಿಂದ ಮೊಣಕೈ ಸವೆಸಿದೆ. ಜೇಬು ಜೋಲಲಿ ಎಂದು ಕಲ್ಲು ತುಂಬಿ ವಾರ ತೂಗುಹಾಕಿದೆ. ಅಕ್ಷರ ಹೊಲಿಯುವಾಗ ಮಾತ್ರ ಕೈ ತಿರುಗಲಿಲ್ಲ. ಎಷ್ಟು ಮಾಡಿದರೂ ನನ್ನ ಹೊಲಿಗೆ ಬಲಕ್ಕೆ ವಾಲುತ್ತಿತ್ತು, ಅವಳಮ್ಮನದು ಎಡಕ್ಕೆ. ನಿಮ್ಮಮ್ಮ ಎಡಚಿಯಾ ಎಂದು ಕೇಳಿದೆ. ಹುಡುಗಿ ಹೌದೆಂದು ತಲೆಯಾಡಿಸಿ, ಎದ್ದು ಮೇಲಿನ ಕೋಣೆಗೆ ಹೋದಳು. ಸಂಜೆಯವರೆಗೆ ಇಳಿಯಲಿಲ್ಲ.

ಕೂಲಿಯ ಜೊತೆಗೆ ನಾನು ಒಂದು ಕೇಳಿದೆ. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ನನ್ನದೂ ಇರಲಿ ಎಂದೆ. ಜನ್ಮದಲ್ಲಿ ನನ್ನ ಹೆಸರು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಅಚ್ಚಾಗಿರಲಿಲ್ಲ. ಮುದುಕಿಯ ಆಸೆ. ಜಿಪ್ಪಿನವನು ಅದಕ್ಕೇನಂತೆ ಎಂದ.

ಮೊದಲ ಕಂತನ್ನು ನಾದಿನಿಯ ಮನೆಯಲ್ಲಿ ಕೂತು ನೋಡಿದೆವು. ಹೆಸರುಗಳು ಇರುವೆಯ ಸಾಲಿನ ಹಾಗೆ ಓಡಿದವು. ನಾದಿನಿ ಗಕ್ಕನೆ ನಿಲ್ಲಿಸಿ, ನೋಡು ಅತ್ತಿಗೆ, ನಮ್ಮ ಮನೆತನದಲ್ಲಿ ಟೀವಿಗೆ ಬಂದವಳು ನೀನೊಬ್ಬಳೇ ಎಂದಳು. ಉಡುಪು ತಯಾರಿ, ಅದರ ಮುಂದೆ ನನ್ನ ಹೆಸರು, ತಪ್ಪಿಲ್ಲದೆ. ಮೊಬೈಲಿನಲ್ಲಿ ಚಿತ್ರ ಹಿಡಿದು ಬಡಾವಣೆಗೆಲ್ಲ ಕಳಿಸಿದಳು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆರನೆಯ ಕಂತಿನಲ್ಲಿ ನೆಲ ಸಿಕ್ಕಿತು.

ಅದರಲ್ಲಿ ಕೋಟು ತೊಟ್ಟ ಹುಡುಗಿಯನ್ನು ಪತ್ತೇದಾರ ಹಿಡಿಯುತ್ತಾನೆ. ಅಸ್ತರನ್ನು ಹೊರಳಿಸಿ ದಿನಾಂಕ ಓದುತ್ತಾನೆ. ಅವಳು ಅಳುತ್ತ, ನನ್ನಮ್ಮ ಹೊಲಿದದ್ದು ಎನ್ನುತ್ತಾಳೆ. ಅವನು ನಗುತ್ತಾನೆ. ಎಲ್ಲ ಸುಳ್ಳು ಎನ್ನುತ್ತಾನೆ. ಕೋಟು ಸತ್ತ ಗೆಳತಿಯದು. ಚಿಕ್ಕವಳೆಂದು ತೋರಿಸಿಕೊಳ್ಳಲು ಇವಳೇ ಕೂತು ದಿನಾಂಕ ಹೊಲಿದುಕೊಂಡಿದ್ದಾಳೆ. ಅದನ್ನು ಕಂಡುಹಿಡಿದ ಮನೆಯ ಮುದುಕಿಯನ್ನು ಮೆಟ್ಟಿಲಿಂದ ನೂಕಿ ಕೊಂದದ್ದೂ ಇವಳೇ. ನಾನು ಹೊಲಿದ ಅಕ್ಷರಗಳು ಟೀವಿ ತುಂಬ ಕಂಡವು, ಬಲಕ್ಕೆ ವಾಲಿಕೊಂಡು.

ನಾದಿನಿ ಮೂಗು ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿ, ಹುಡುಗಿಯ ಕಡೆ ನೋಡಿದಳು. ಮೊದಲ ವಾರ ನೋಡುತ್ತಿದ್ದ ನೋಟ. ಹುಡುಗಿ ಕೋಟಿನ ಗುಂಡಿಗಳನ್ನು ಕೊರಳಿನವರೆಗೆ ಹಾಕಿಕೊಂಡಳು.

ಮಾರನೆಯ ದಿನದಿಂದ ಬಡಾವಣೆಯ ಕಣ್ಣು ಅವಳ ಮೇಲೆ ಬಿತ್ತು. ದಿನಸಿ ಅಂಗಡಿಯವನು ಅವಳಿಗೆ ಚೀಲ ಬಾಗಿಲಲ್ಲೇ ಇಟ್ಟು ಬಾ ಎಂದ. ಎರಡು ಮನೆಗಳವರು ತಮ್ಮಲ್ಲಿದ್ದ ಹುಡುಗರನ್ನು ಬೇರೆ ಕಡೆ ಕಳಿಸಿ ಎಂದು ಅರ್ಜಿ ಬರೆದರು. ನಾದಿನಿ ಬಂದು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೋ ಅತ್ತಿಗೆ ಎಂದು ಮೆಲ್ಲಗೆ ಹೇಳಿದಳು. ನಿನ್ನ ಅಣ್ಣ ಬದುಕಿದ್ದಾಗಲೇ ನನ್ನನ್ನು ನೂಕಲು ಆಗಲಿಲ್ಲ, ಈ ಕಡ್ಡಿ ನೂಕುತ್ತಾಳಾ ಎಂದೆ. ಅವಳಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ.

ವಿಚಾರಣೆಗೆ ಕರೆ ಬಂತು. ಅಧಿಕಾರಿ ಹೆಂಗಸು, ಮರ್ಯಾದಸ್ಥೆ, ನಮಗೆ ಕುರ್ಚಿ ತರಿಸಿದಳು. ಪಕ್ಕದಲ್ಲೊಬ್ಬ ಗುಮಾಸ್ತ. ಹುಡುಗಿ ಕೋಟು ಬಿಚ್ಚಿ, ಮೇಜಿನ ಮೇಲೆ ಹೊರಳಿಸಿ ಹರಡಿ, ನಾಲ್ಕು ಸಾಲನ್ನೂ ಬೆರಳಿಟ್ಟು ಓದಿ ಹೇಳಿದಳು. ಅಧಿಕಾರಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಈ ಧಾರಾವಾಹಿಯನ್ನು ನಾನೂ ನೋಡ್ತೀನಿ ಎಂದಳು. ಒಂದು ಹಾಳೆ ನನ್ನ ಮುಂದೆ ತಳ್ಳಿದಳು. ನಾದಿನಿ ಊರಿಗೆಲ್ಲ ಹಂಚಿದ್ದ ಅದೇ ಚಿತ್ರ.

"ಉಡುಪು ತಯಾರಿ ಅಂತ ಇರೋದು ನಿಮ್ಮ ಹೆಸರೇ ತಾನೆ?"

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕದಿಯದೆಯೂ ನಾನು ಮುಟ್ಟಿಕೊಂಡೆ. ಹೌದೆಂದೆ. ಆ ಎರಡು ಕೋಟು ಹೊಲಿದವಳು ನಾನು, ಇದನ್ನು ಹೊಲಿದವಳು ಇವಳಮ್ಮ, ನೋಡಿ, ಹೊಲಿಗೆ ಎಡಕ್ಕೆ ವಾಲಿದೆ ಎಂದೆ. ಎಡಗೈಯಲ್ಲಿ ನೀವೂ ಹೊಲಿಯಬಹುದಲ್ಲ ಎಂದಳು. ಕೆಟ್ಟ ದನಿಯಲ್ಲಿ ಹೇಳಲಿಲ್ಲ, ಅದೇ ಇನ್ನೂ ಉರಿಯಿತು. ಟೀವಿಯಲ್ಲಿ ಬಂದ ಕತೆಯನ್ನೇ ಹೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ, ಅದರಲ್ಲೂ ಆ ಟೀವಿಗೆ ಹೊಲಿದವರ ಮನೆಯಿಂದಲೇ ಬಂದರೆ ನಾನೇನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಮೂರು ವಾರ ಕೊಟ್ಟಳು. ಬೇರೆ ಪುರಾವೆ ತನ್ನಿ, ಇಲ್ಲದಿದ್ದರೆ ವೈದ್ಯರು ಬರೆದದ್ದೇ ಖಾಯಂ.

ಇವಳ ಕತೆ ಟೀವಿಗೆ ಹೋಗಿತ್ತು. ಈಗ ಇವಳೇ ಟೀವಿಯಿಂದ ಕದ್ದವಳಾದಳು.

ಜಿಪ್ಪಿನವನು ಆಟದ ಮೈದಾನದಲ್ಲಿ ಸಿಕ್ಕ. ಅಲ್ಲಿ ಶೂಟಿಂಗಿಗೆ ಬಂದ ವ್ಯಾನುಗಳ ಸಾಲು, ನೆಲದ ತುಂಬ ಹಾವಿನ ಹಾಗೆ ವೈರು, ಮಡಚುವ ಕುರ್ಚಿಯಲ್ಲಿ ಅವನು. ನನ್ನನ್ನು ಕಂಡು ಎದ್ದು ನಿಂತ, ಪಕ್ಕದವರಿಗೆಲ್ಲ ನಮ್ಮ ದರ್ಜಿ ಅಮ್ಮ ಎಂದು ಪರಿಚಯ ಮಾಡಿಕೊಟ್ಟ. ನಾನು ಬೈಯಲು ಹೋಗಿರಲಿಲ್ಲ. ನಾಲ್ಕು ಸಾಲಿನ ಒಂದು ಪತ್ರ ಕೇಳಲು ಹೋಗಿದ್ದೆ: ಕೋಟಿನ ವಿಷಯ ಈ ಹುಡುಗಿ ನನಗೆ ಹೇಳಿದ್ದು, ನಾನು ಬರೆಯುವ ಮೊದಲೇ ಅದು ಅವಳ ಬಳಿ ಇತ್ತು. ಅಷ್ಟೇ. ಅವನ ದಪ್ಪ ಪುಸ್ತಕದಲ್ಲಿ ತಾರೀಖು ಸಮೇತ ಇತ್ತು, ನನ್ನ ಕಣ್ಣಾರೆ ಕಂಡಿದ್ದೆ.

ಅವನು ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿದ. ಪತ್ರ ಬರೆಯಲು ತನಗೇನೂ ಅಡ್ಡಿಯಿಲ್ಲ, ಆದರೆ ವಾಹಿನಿಯ ವಕೀಲರು ಬಿಡುವುದಿಲ್ಲ ಎಂದ. ಪ್ರತಿ ಕಂತಿನ ತಲೆಗೆ ಎಲ್ಲ ಪಾತ್ರಗಳೂ ಕಾಲ್ಪನಿಕ ಎಂದು ಹಾಕಿದ್ದೇವಲ್ಲ, ಈಗ ನಿಜವಾದ ಹುಡುಗಿ ಒಬ್ಬಳಿದ್ದಾಳೆ ಎಂದು ನಾನೇ ಸಹಿ ಮಾಡಿದರೆ ನಾಳೆ ಅವಳು ಮೊಕದ್ದಮೆ ಹೂಡಬಹುದು ಎಂದ.

"ಅವಳಮ್ಮ ಹೊಲಿದದ್ದನ್ನ ಅವಳೇ ಹೊಲಿದುಕೊಂಡ ಮೋಸ ಅಂತ ಯಾಕಪ್ಪ ಮಾಡಿದೆ?"

"ಕತೆ ಅಂದಮೇಲೆ ತಿರುವು ಬೇಕಲ್ಲಮ್ಮ. ಅಮ್ಮ ಹೊಲಿದಳು ಅಂತಲೇ ಬಿಟ್ಟಿದ್ದರೆ ಜನ ಅಳ್ತಾರೆ, ಮುಂದಿನ ವಾರ ನೋಡಲ್ಲ."

ಬಟ್ಟೆ ತಿರುಗಿಸಿ ಹೊಲಿಯುವುದು ನನಗೂ ಗೊತ್ತು. ಷರಟಿನ ಸವೆದ ಕೊರಳುಪಟ್ಟಿಯನ್ನು ಬಿಚ್ಚಿ, ತಿರುವಿ, ಒಳಮೈ ಹೊರಗೆ ಮಾಡಿ ಕೂರಿಸುತ್ತೇನೆ. ಷರಟು ಮಾತ್ರ ತಂದವನಿಗೇ ವಾಪಸು ಕೊಡುತ್ತೇನೆ. ಇದನ್ನು ಅವನಿಗೆ ಹೇಳಿದೆ. ಚೆನ್ನಾಗಿ ಹೇಳಿದಿರಿ ಎಂದು ಜೇಬಿನಿಂದ ಪೆನ್ನು ತೆಗೆದ. ಬರೆದುಕೊಳ್ಳಲು. ಕೈಲಿದ್ದ ಚೀಲವನ್ನು ಅವನ ಮೇಲೆ ಬೀಸಲಿಲ್ಲ ಎಂಬುದಕ್ಕೆ ನನ್ನ ವಯಸ್ಸು ಕಾರಣ, ಗುಣವಲ್ಲ.

ಹತ್ತು ದಿನ ಹೋಯಿತು. ಹುಡುಗಿ ಊಟಕ್ಕೆ ಕೂರುತ್ತಾಳೆ, ಏಳುತ್ತಾಳೆ. ನಾನು ಹೊಲಿಯುತ್ತೇನೆ, ಬಿಚ್ಚುತ್ತೇನೆ. ಆ ಹೊತ್ತಿಗೆ ಶಾಲೆ ಶುರುವಾಗುವ ಕಾಲ. ಎತ್ತರ ಬೆಳೆದ ಮಕ್ಕಳ ಲಂಗಗಳು ರಾಶಿ ಬಿದ್ದಿದ್ದವು. ಒಂದು ನೀಲಿ ಲಂಗದ ಅಂಚನ್ನು ಬಿಚ್ಚಿ ಇಳಿಸಿ ಇಸ್ತ್ರಿ ಹೊಡೆದೆ. ಎಲ್ಲ ಲಂಗಗಳಲ್ಲೂ ಆಗುವುದೇ ಆಯಿತು: ಮೇಲಿನದೆಲ್ಲ ಮಾಸಿದೆ, ಮಡಿಕೆಯೊಳಗಿದ್ದ ಪಟ್ಟಿ ಮಾತ್ರ ಹೊಸದರ ಹಾಗೆ ಕಡುನೀಲಿ. ನಲವತ್ತು ವರ್ಷದಿಂದ ನೋಡಿದ್ದೇನೆ. ತಾಯಂದಿರು ಇದೊಂದು ಅಸಹ್ಯ ಎಂದು ಗೊಣಗುವುದನ್ನು ಕೇಳಿದ್ದೇನೆ. ಅವತ್ತು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು ಕೂತೆ. ಲಂಗ ಸುಟ್ಟಿತು. ಸುಡಲಿ ಎಂದೆ.

ದಾರದ ಕೆಳಗೂ ಬಟ್ಟೆ ಇರುತ್ತದೆ. ಅವಳಮ್ಮ ಹೊಲಿದ ದಿನ ಅಸ್ತರು ಹಸಿರಾಗಿದ್ದರೆ, ದಾರದ ಕೆಳಗೆ ಅದು ಇನ್ನೂ ಹಸಿರೇ. ಮಾಸಿದ ಅಸ್ತರಿನ ಮೇಲೆ ನಾನು ಇತ್ತೀಚೆಗೆ ಹೊಲಿದಿದ್ದರೆ, ಕೆಳಗೂ ಒಣಹುಲ್ಲೇ. ನನ್ನ ಎರಡು ಕೋಟುಗಳ ಅಕ್ಷರ ಬಿಚ್ಚಿದರೆ ಚಹಾದ ಬಣ್ಣ ಸಿಗುತ್ತದೆ, ಹಸಿರು ಸಿಗುವುದಿಲ್ಲ. ಆದರೆ ನೋಡಬೇಕೆಂದರೆ ಬಿಚ್ಚಬೇಕು. ಅಮ್ಮನ ಹೊಲಿಗೆ. ನನ್ನ ಕೈಯಲ್ಲಿ ಅದನ್ನು ತಿರುಗಿ ಹಾಕಲು ಬರುತ್ತದೆ, ಆಗ ಅದು ನನ್ನ ಹೊಲಿಗೆ.

ಹುಡುಗಿಗೆ ಹೇಳಿದೆ. ಎರಡು ದಿನ ಕೋಟು ತೊಟ್ಟೇ ಮಲಗಿದಳು. ಮೂರನೆಯ ದಿನ ಚಹಾ ಲೋಟ ನನ್ನ ಮುಂದಿಟ್ಟು, ಮೊದಲ ಸಾಲಿನಿಂದ ಒಂದು ಅಕ್ಷರ ಬಿಚ್ಚೋಣ ಅಜ್ಜಿ, ನನ್ನ ಹೆಸರು ನನಗೆ ಗೊತ್ತಿದೆ ಎಂದಳು.

ಕಚೇರಿಯ ಬಾಗಿಲಲ್ಲಿ ಕಾವಲಿನವನು ನನ್ನ ಚೀಲ ಜಾಲಾಡಿ ಕತ್ತರಿ ತೆಗೆದಿಟ್ಟುಕೊಂಡ. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ಅವನ ಕಣ್ಣಿಗೆ ಬೀಳಲಿಲ್ಲ. ಒಳಗೆ ಹೋಗಿ ಅಧಿಕಾರಿಗೆ ವಿವರಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು. ಗುಮಾಸ್ತನಿಗೆ ಅರ್ಥವಾಗಲಿಲ್ಲ. ನಿನ್ನ ಷರಟಿನ ಜೇಬು ಕಿತ್ತು ನೋಡಪ್ಪ, ಅಂಗಡಿಯಿಂದ ತಂದ ದಿನದ ಬಣ್ಣ ಅಲ್ಲಿ ಕೂತಿರುತ್ತೆ ಎಂದೆ. ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ.

ಅಧಿಕಾರಿಗೆ ಮಾತ್ರ ಅರ್ಥವಾಯಿತು, ಬೇಕಾದದ್ದಕ್ಕಿಂತ ಚೆನ್ನಾಗಿಯೇ. ಹೆಸರಿನ ಅಕ್ಷರ ಬಿಚ್ಚಿ ತೋರಿಸಿದರೆ ಹೆಸರು ಹಳೆಯದು ಎಂದಾಗುತ್ತದೆ, ದಿನಾಂಕವನ್ನು ಆಮೇಲೆ ಸೇರಿಸಿರಬಹುದಲ್ಲ ಎಂದಳು. ನಾಲ್ಕನೆಯ ಸಾಲಿನ ಮೇಲೆ ಬೆರಳಾಡಿಸಿ, ಇಸವಿಯ ಕೊನೆಯ ಅಂಕೆ ಯಾವುದು ಎಂದು ಕೇಳಿದಳು. ಹುಡುಗಿ ತೋರಿಸಿದಳು.

"ಅದನ್ನ ಬಿಚ್ಚಿ."

ಆ ಅಂಕೆಯೇ ಹದಿನಾರಕ್ಕೂ ಹತ್ತೊಂಬತ್ತಕ್ಕೂ ನಡುವಿನ ಗೋಡೆ. ಬಿಚ್ಚಿದ ಮೇಲೆ ಕೆಳಗೆ ಏನೂ ಉಳಿಯದಿದ್ದರೆ ಅವಳಿಗೆ ಹುಟ್ಟಿದ ಇಸವಿಯೇ ಇಲ್ಲ. ಹುಡುಗಿ ನನ್ನ ಕಡೆ ತಿರುಗಿದಳು.

"ಹಸಿರು ಇರುತ್ತಾ ಅಜ್ಜಿ? ಖಂಡಿತ?"

ಸಮುದ್ರದ ನೀರು ದಾರದೊಳಗೆ ಎಷ್ಟು ಇಳಿದಿತ್ತೋ, ಎಷ್ಟು ಸಲ ಯಾವ ಸೋಪಿನಲ್ಲಿ ತೊಳೆದಿದ್ದಳೋ, ನನಗೇನು ಗೊತ್ತು. ಹಿಂದೆ ಒಮ್ಮೆ ಹೇಳಮ್ಮ ಎಂದು ಪುಸಲಾಯಿಸಿದ್ದ ಬಾಯಿಯಲ್ಲೇ, ಇರುತ್ತೆ ಎಂದೆ. ಸೂಜಿ ಕೊಟ್ಟೆ.

ಅವಳು ಹಿಂಬದಿಯ ಗಂಟನ್ನು ಹಲ್ಲಿನಿಂದ ಕಡಿದಳು. ಸೂಜಿಯ ತುದಿಯಲ್ಲಿ ಒಂದೊಂದೇ ಎಳೆ ಎತ್ತಿದಳು. ಅಮ್ಮ ಒತ್ತೊತ್ತಾಗಿ ಹಾಕಿದ್ದಳಲ್ಲ, ಸುಲಭಕ್ಕೆ ಬರಲಿಲ್ಲ. ಗುಮಾಸ್ತ ಗಡಿಯಾರ ನೋಡಿದ. ಅಧಿಕಾರಿ ಚಹಾದ ಮೇಲಿನ ತಟ್ಟೆ ತೆಗೆದು ಮತ್ತೆ ಮುಚ್ಚಿದಳು. ಕೊನೆಯ ಎಳೆ ಬಂದಾಗ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು, ಹಾಗಾಗಿ ಮೊದಲು ನೋಡಿದವಳು ನಾನು.

ಒಣಹುಲ್ಲಿನ ಬಣ್ಣದ ನಡುವೆ ಹಸಿರು. ಎಲೆಹಸಿರು, ಅಂಗಡಿಯ ಥಾನಿನಿಂದ ಈಗಷ್ಟೇ ಕತ್ತರಿಸಿದ ಹಾಗೆ. ಬರೀ ಚುಕ್ಕೆಯೂ ಅಲ್ಲ, ಗೀಟೂ ಅಲ್ಲ. ದಾರ ಎಲ್ಲೆಲ್ಲಿ ಮುಚ್ಚಿತ್ತೋ ಅಲ್ಲಲ್ಲಿ ಉಳಿದು, ಪೂರ್ತಿ ಅಂಕೆಯೇ ಅಲ್ಲಿ ಕೂತಿತ್ತು. ದಾರ ಹೋದರೂ ಓದಬಹುದಿತ್ತು. ಅಧಿಕಾರಿ ಭೂತಗನ್ನಡಿ ತರಿಸಿ ನೋಡಿದಳು, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಪಕ್ಕದ ಕೋಣೆಯ ಮೇಲಧಿಕಾರಿಯನ್ನು ಕರೆದು ತೋರಿಸಿದಳು. ಇಬ್ಬರೂ ಗುಸುಗುಸು ಮಾತಾಡಿದರು. ಆಮೇಲೆ ಕೂತು ಬರೆದಳು. ದಿನಾಂಕ ಒಪ್ಪಿದೆ, ಉಳಿಯಲು ಅನುಮತಿಯ ಪತ್ರ ಅಂಚೆಯಲ್ಲಿ ಬರುತ್ತೆ ಎಂದಳು. ಇದನ್ನ ಮೊದಲ ಸಲವೇ ಯಾಕೆ ತೋರಿಸಲಿಲ್ಲ ಎಂದೂ ಕೇಳಿದಳು. ಹೆತ್ತವಳ ಹೊಲಿಗೆ ಬಿಚ್ಚದೆ ನಂಬುತ್ತೀರಿ ಅಂದುಕೊಂಡಿದ್ದೆವು ಎಂದೆ.

ಗುಮಾಸ್ತನ ಮುಖ ಅರಳಿತ್ತು. ಇದನ್ನೇ ಒಂದು ಧಾರಾವಾಹಿ ಮಾಡಬಹುದು ನೋಡಿ ಮೇಡಂ ಎಂದ. ಹಾಗೆನ್ನುತ್ತಲೇ ಸಣ್ಣ ಲಕೋಟೆ ಬಿಡಿಸಿ, ಮೇಜಿನ ಮೇಲಿದ್ದ ಕೆಂಪು ದಾರದ ತುಂಡುಗಳ ಕಡೆ ಕೈ ಚಾಚಿದ. ಕಡತಕ್ಕೆ ಲಗತ್ತಿಸಬೇಕಂತೆ.

ನಾನು ಅಂಗೈ ಅಗಲಿಸಿ ದಾರದ ಮೇಲೆ ಇಟ್ಟೆ.

"ಬಣ್ಣ ನೋಡಿದಿರಿ, ಬರ್ಕೊಂಡಿರಿ. ದಾರ ಕೊಡಲ್ಲ."

ಅದು ಪುರಾವೆ ಅಮ್ಮ, ನಿಯಮ ಎಂದ. ಕೋಟನ್ನು ಹೊರಳಿಸಿ ನೋಡದಿದ್ದಾಗ ನಿಯಮ ಎಲ್ಲಿ ಮೇಯಲು ಹೋಗಿತ್ತು ಎಂದೆ. ಜೋರಾಗಿಯೇ ಎಂದಿರಬೇಕು, ಬಾಗಿಲ ಕಾವಲಿನವನು ಇಣುಕಿದ. ಅಧಿಕಾರಿ ಕೈಸನ್ನೆ ಮಾಡಿ ಗುಮಾಸ್ತನನ್ನು ತಡೆದಳು. ಅವನು ಖಾಲಿ ಲಕೋಟೆಗೆ ಅಂಟು ಹಚ್ಚಿ ಕಡತಕ್ಕೆ ಸೇರಿಸಿದ, ಏನಾದರೂ ಸೇರಿಸಲೇಬೇಕಿತ್ತಲ್ಲ.

ನಾನು ಅಂಗೈ ತೆಗೆದೆ. ಹುಡುಗಿ ಒಂದೊಂದೇ ತುಂಡನ್ನು ಹೆಕ್ಕಿ, ಬಿಡಿಸಿ, ಎಡಗೈಯ ತೋರುಬೆರಳಿಗೆ ಸುತ್ತಿಕೊಂಡಳು. ಎಲ್ಲ ಸುತ್ತಿ ಮುಗಿಯುವವರೆಗೆ ನಾವು ಆ ಕುರ್ಚಿಗಳಿಂದ ಏಳಲಿಲ್ಲ. ಮುಂದಿನವರನ್ನು ಕರೆದಾಗಿತ್ತು, ಬಾಗಿಲಲ್ಲಿ ಬಂದು ನಿಂತೂ ಆಗಿತ್ತು. ಕಾಯಲಿ ಎಂದು ಕೂತೇ ಇದ್ದೆ.